ಅಂಕಿಗಳ ಗೆಳೆಯ ಕಾಪ್ರೇಕರ್ ಮೇಷ್ಟ್ರು



ಈ ಸಲದ ಗೋಡೆ ಪತ್ರಿಕೆಗೆ ಒಬ್ಬ ದೊಡ್ಡವರ ಜೀವನ ಚರಿತ್ರೆ ಬರೆದುಕೊಡಬೇಕೆಂದು ನನಗೆ ಹೇಳಿದ್ದರು. ಹಿಂದಿನ ಸಂಚಿಕೆಗಳಲ್ಲಿ ಗಾಂಧೀಜಿ, ವಿವೇಕಾನಂದರು, ಕಿತ್ತೂರು ಚೆನ್ನಮ್ಮ, ಸರ್ ಎಂ. ವಿಶ್ವೇಶ್ವರಯ್ಯ ಎಲ್ಲರೂ ಬಂದು ಹೋಗಿದ್ದಾರೆ. ಅದಕ್ಕೇ ನಾನು ಒಬ್ಬ ಲೆಕ್ಕದ ಮೇಷ್ಟ್ರ ಬಗ್ಗೆ ಬರೀತೀನಿ ಅಂದೆ. ಕೇಳಿದ ಕೂಡಲೇ ನಮ್ಮ ತರಗತಿಯವರೆಲ್ಲಾ ಗೊಳ್ಳೆಂದು ನಕ್ಕುಬಿಟ್ಟರು. ನಕ್ಕಿದ್ದು ತಪ್ಪೇನಲ್ಲ ಬಿಡಿ. ಲೆಕ್ಕದ ಪಿರಿಯಡ್ ಶುರುವಾದ ಕೂಡಲೇ ನೀರು ಕುಡಿಯೋಕೆ ಹೋಗ್ತೀನಿ ಸಾರ್ ಅಂತ ಕೈ ಎತ್ತುವವರಲ್ಲಿ ನಾನೇ ಮೊದಲಿಗ. ಅಂಥ ನಾನು ಈ ಮೇಷ್ಟ್ರ ಕಥೆ ಯಾಕೆ ಆರಿಸಿಕೊಂಡೆ ಅನ್ನೋದು ಓದುತ್ತಾ ಹೋದಂತೆ ನಿಮಗೇ ಗೊತ್ತಾಗುತ್ತದೆ. ಓದುವಾಗ ಕೈಯಲ್ಲಿ ಒಂದು ಪೆನ್ಸಿಲ್ಲು, ಒಂದು ಹಳೇ ಹಾಳೆ ಇಟ್ಟುಕೊಳ್ಳಿ. ಅದು ಬೇಕಾಗುತ್ತದೆ.

ಅವರ ಪೂರ್ತಿ ಹೆಸರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ಹುಟ್ಟಿದ್ದು 1905ನೇ ಇಸವಿ ಜನವರಿ 17ರಂದು, ಮಹಾರಾಷ್ಟ್ರದ ಡಹಾಣೂ ಎಂಬ ಊರಿನಲ್ಲಿ. ಡಹಾಣೂ ಅಂದರೆ ಮುಂಬಯಿಯಿಂದ ಉತ್ತರಕ್ಕೆ ಸಮುದ್ರದ ದಡದಲ್ಲಿರುವ ಊರು. ತಂದೆ ಗುಮಾಸ್ತರಾಗಿದ್ದರು. ದೊಡ್ಡ ಶ್ರೀಮಂತರೇನಲ್ಲ. ದತ್ತಾತ್ರೇಯನಿಗೆ 8 ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಆಮೇಲೆ ಮಗುವಿಗೆ ತಂದೆಯೇ ತಾಯಿ ಎಲ್ಲಾ ಆದರು.

ಆ ತಂದೆಗೆ ಜ್ಯೋತಿಷ್ಯದ ಹುಚ್ಚು ಬಹಳ ಇತ್ತಂತೆ. ಜಾತಕ ನೋಡೋದು ಅಂದರೆ ಸುಮ್ಮನೆ ಅಲ್ಲ, ಕೂಡಬೇಕು, ಕಳೆಯಬೇಕು, ಗುಣಿಸಬೇಕು, ಭಾಗಿಸಬೇಕು. ಪಂಚಾಂಗ ಹಿಡಿದು ಲೆಕ್ಕ ಹಾಕುವ ತಂದೆಯ ಹತ್ತಿರ ಇದ್ದೂ ಇದ್ದೂ ಮಗನಿಗೆ ಅಂಕಿಗಳ ಜೊತೆ ಸಲಿಗೆ ಬೆಳೆಯಿತು. ಜ್ಯೋತಿಷ್ಯ ನಿಜವೋ ಸುಳ್ಳೋ ಆ ವಿಷಯ ಬೇರೆ. ಆದರೆ ಮಗನಿಗೆ ಸಿಕ್ಕ ಲೆಕ್ಕದ ರುಚಿ ಮಾತ್ರ ನಿಜ. ಇಲ್ಲಿ ಒಂದು ಮಾತು ಗಮನಿಸಬೇಕು. ಆ ಹುಡುಗನಿಗೆ ಅಂಕಿಗಳ ಪರಿಚಯವಾದದ್ದು ಬೆತ್ತದ ಜೊತೆಯಲ್ಲಿ ಅಲ್ಲ. ಮನೆಯಲ್ಲಿ ದೊಡ್ಡವರು ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನು ನೋಡಿ ಆದದ್ದು.

ಮುಂದೆ ಅವರು ಮುಂಬಯಿ ಹತ್ತಿರದ ಠಾಣೆಯಲ್ಲಿ ಪ್ರೌಢಶಾಲೆಗೆ ಸೇರಿದರು. ಅಲ್ಲಿ ಗಂಟೆಗಟ್ಟಲೆ ಲೆಕ್ಕದ ಒಗಟುಗಳನ್ನು ಬಿಡಿಸುತ್ತಾ ಕೂರುತ್ತಿದ್ದರಂತೆ. ನಾವು ಗೋಲಿ ಆಡುವ ಹಾಗೆ ಅವರಿಗೆ ಅದು ಆಟ. 1923ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಸೇರಿದರು. ಅಲ್ಲಿ ಓದುತ್ತಿರುವಾಗಲೇ, 1927ರಲ್ಲಿ, ಸ್ವಂತವಾಗಿ ಬರೆದ ಒಂದು ಗಣಿತದ ಲೇಖನಕ್ಕೆ ರ‍್ಯಾಂಗ್ಲರ್ ಪರಾಂಜಪೆಯವರ ಹೆಸರಿನ ಬಹುಮಾನ ಬಂತು. ಪರಾಂಜಪೆಯವರು 1899ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗಣಿತ ಪರೀಕ್ಷೆಗೆ ಮೊದಲ ಸ್ಥಾನ ಪಡೆದ ಮೊದಲ ಭಾರತೀಯರು. ಅವರ ಹೆಸರಿನ ಬಹುಮಾನ ಅಂದರೆ ಸಣ್ಣದಲ್ಲ.

1929ರಲ್ಲಿ ಬಿ.ಎಸ್ಸಿ. ಮುಗಿಯಿತು. ಅಷ್ಟೇ. ಅದಕ್ಕಿಂತ ಮುಂದೆ ಅವರು ಓದಲಿಲ್ಲ. ಎಂ.ಎಸ್ಸಿ. ಇಲ್ಲ, ಡಾಕ್ಟರೇಟ್ ಇಲ್ಲ, ವಿದೇಶ ಇಲ್ಲ. ನಾಸಿಕ್ ಹತ್ತಿರ ದೇವಳಾಲಿ ಅಂತ ಒಂದು ಊರಿದೆ. 1930ರಲ್ಲಿ ಅಲ್ಲಿಯ ಶಾಲೆಗೆ ಮೇಷ್ಟ್ರಾಗಿ ಸೇರಿದವರು 1962ರಲ್ಲಿ ನಿವೃತ್ತರಾಗುವವರೆಗೂ ಆ ಊರಿನಲ್ಲೇ ಮಕ್ಕಳಿಗೆ ಪಾಠ ಮಾಡಿದರು. 32 ವರ್ಷ! ನಮ್ಮ ಊರಿನಲ್ಲಿ ಮೇಷ್ಟ್ರುಗಳು ಮೂರು ವರ್ಷಕ್ಕೆ ವರ್ಗವಾಗಿ ಹೋಗೋದನ್ನು ನೋಡಿದ ನನಗೆ ಇದೇ ದೊಡ್ಡ ಆಶ್ಚರ್ಯ.

ಗೆಳೆಯರೇ, ಸಾಮಾನ್ಯವಾಗಿ ಜೀವನ ಚರಿತ್ರೆಗಳಲ್ಲಿ ದೊಡ್ಡವರು ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋಗಿ ದೊಡ್ಡವರಾಗುತ್ತಾರೆ. ಕಾಪ್ರೇಕರ್ ಮೇಷ್ಟ್ರು ಹಾಗಲ್ಲ. ಅವರು ಶಾಲೆಯಲ್ಲೇ ಇದ್ದುಕೊಂಡು, ಶಾಲೆಯ ಸೀಮೆಸುಣ್ಣದಲ್ಲೇ, ಇಡೀ ಪ್ರಪಂಚಕ್ಕೆ ಗೊತ್ತಾಗುವಂಥ ಕೆಲಸ ಮಾಡಿದರು. ಅದಕ್ಕೆ ಅವರು ಬಳಸಿದ ಸಾಮಾನೇನು ಗೊತ್ತಾ? ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು. ನಮಗೆಲ್ಲಾ ಗೊತ್ತಿರುವ ನಾಲ್ಕೇ ನಾಲ್ಕು.

ಒಂದು ಉದಾಹರಣೆ ಹೇಳುತ್ತೇನೆ. ಮುಂಬಯಿಯಿಂದ ಸುಮಾರು 30 ಮೈಲಿ ದೂರದಲ್ಲಿ ಡೆಮ್ಲೊ ಅಂತ ಒಂದು ರೈಲ್ವೆ ಸ್ಟೇಷನ್ ಇತ್ತು. ಈಗ ಅದನ್ನು ಡೊಂಬಿವಲಿ ಅನ್ನುತ್ತಾರೆ. ಆ ಸ್ಟೇಷನ್ನಿನಲ್ಲಿ ಇದ್ದಾಗ ಅವರ ತಲೆಗೆ ಒಂದು ಜಾತಿಯ ಸಂಖ್ಯೆಗಳ ವಿಚಾರ ಹೊಳೆಯಿತು. ನಾವಾಗಿದ್ದರೆ ಸ್ಟೇಷನ್ನಿನಲ್ಲಿ ಕಡಲೆಕಾಯಿ ತಿಂದು ಸಿಪ್ಪೆ ಎಸೆದು ಬರುತ್ತಿದ್ದೆವು. ಆ ಜಾತಿಯಲ್ಲಿ ತುಂಬಾ ಚೆಂದವಾದವು ಇವು ನೋಡಿ.

11 × 11 = 121
111 × 111 = 12321
1111 × 1111 = 1234321

ಮೆಟ್ಟಿಲು ಹತ್ತಿ ಮತ್ತೆ ಮೆಟ್ಟಿಲು ಇಳಿದ ಹಾಗಿದೆ ಅಲ್ಲವೇ? ಒಂಬತ್ತು ಒಂದುಗಳವರೆಗೂ ಇದು ಹೀಗೇ ನಡೆಯುತ್ತದೆ. ಹತ್ತನೆಯದರಲ್ಲಿ ಏನಾಗುತ್ತದೆ, ಯಾಕಾಗುತ್ತದೆ ಅಂತ ನೀವೇ ಗುಣಿಸಿ ನೋಡಿ. ಈ ಸಂಖ್ಯೆಗಳಿಗೆ ಮೇಷ್ಟ್ರು ತಮ್ಮ ಹೆಸರನ್ನೂ ಇಡಲಿಲ್ಲ, ರಾಜ ಮಹಾರಾಜರ ಹೆಸರನ್ನೂ ಇಡಲಿಲ್ಲ. ಆ ಸ್ಟೇಷನ್ನಿನ ಹೆಸರು ಇಟ್ಟರು. ಡೆಮ್ಲೊ ಸಂಖ್ಯೆಗಳು ಅಂತಲೇ ಇವತ್ತಿಗೂ ಕರೆಯುತ್ತಾರೆ.

ಈಗ ಬರುವುದೇ ಅವರ ಹೆಸರನ್ನು ಪ್ರಪಂಚಕ್ಕೆಲ್ಲಾ ತಿಳಿಸಿದ ಲೆಕ್ಕ. ಪೆನ್ಸಿಲ್ ಹಿಡಿದುಕೊಳ್ಳಿ.

ನಾಲ್ಕು ಅಂಕಿಯ ಯಾವುದಾದರೂ ಒಂದು ಸಂಖ್ಯೆ ಬರೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಂದರೆ 2222, 7777 ಬೇಡ. ಆ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಕೆಳಗೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಮತ್ತೆ ಮತ್ತೆ ಮಾಡಿ. ಸೊನ್ನೆ ಬಂದರೆ ಬಿಡಬೇಡಿ, ಅದೂ ಒಂದು ಅಂಕಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಾನು ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ 1947ನ್ನು ತೆಗೆದುಕೊಂಡೆ.

9741 − 1479 = 8262
8622 − 2268 = 6354
6543 − 3456 = 3087
8730 − 0378 = 8352
8532 − 2358 = 6174

ಆಮೇಲೆ 6174ಕ್ಕೂ ಹಾಗೇ ಮಾಡಿದೆ. 7641 − 1467 = 6174. ಅರೆ! ಮತ್ತೆ ಅದೇ ಬಂತು. ಇನ್ನು ಎಷ್ಟು ಸಲ ಮಾಡಿದರೂ ಅದೇ.

ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ 1973.

9731 − 1379 = 8352
8532 − 2358 = 6174

ಎರಡೇ ಹೆಜ್ಜೆ! ಆಮೇಲೆ ಮೇಷ್ಟ್ರು ಹುಟ್ಟಿದ ವರ್ಷ 1905ನ್ನು ತೆಗೆದುಕೊಂಡೆ.

9510 − 0159 = 9351
9531 − 1359 = 8172
8721 − 1278 = 7443
7443 − 3447 = 3996
9963 − 3699 = 6264
6642 − 2466 = 4176
7641 − 1467 = 6174

ಇದಕ್ಕೆ ಏಳು ಹೆಜ್ಜೆ ಬೇಕಾಯಿತು. ಏಳಕ್ಕಿಂತ ಹೆಚ್ಚು ಯಾವ ಸಂಖ್ಯೆಗೂ ಬೇಕಾಗುವುದಿಲ್ಲ. ನಾಲ್ಕು ಅಂಕಿಯ ಯಾವ ಸಂಖ್ಯೆ ಹಿಡಿದರೂ ಏಳು ಹೆಜ್ಜೆಯೊಳಗೆ 6174ಕ್ಕೆ ಬಂದು ನಿಲ್ಲಲೇಬೇಕು. ನಮ್ಮೂರ ಸುತ್ತಲಿನ ಹಳ್ಳಗಳೆಲ್ಲಾ ಎಲ್ಲೆಲ್ಲೋ ಸುತ್ತಿ ಕೊನೆಗೆ ಕೆರೆಗೆ ಬಂದು ಸೇರುವ ಹಾಗೆ.

ಇದನ್ನು ಕಾಪ್ರೇಕರ್ ಮೇಷ್ಟ್ರು ಕಂಡುಕೊಂಡದ್ದು 1946ರಲ್ಲಿ. 1949ರಲ್ಲಿ ಮದ್ರಾಸಿನಲ್ಲಿ ನಡೆದ ಗಣಿತ ಸಮ್ಮೇಳನದಲ್ಲಿ ಎಲ್ಲರ ಮುಂದೆ ಹೇಳಿದರು. ಈಗ 6174ಕ್ಕೆ ಕಾಪ್ರೇಕರ್ ಸ್ಥಿರಾಂಕ ಅಂತಲೇ ಹೆಸರು.

ಈ ಲೆಕ್ಕವನ್ನು ನನಗೆ ಮೊದಲು ತೋರಿಸಿದ್ದು ನಮ್ಮ ಶಾಲೆಯ ಮೇಷ್ಟ್ರೇ. ಅವತ್ತು ನಾನು ಮನೆಗೆ ಹೋಗಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಶುರು ಮಾಡಿದೆ. ನಮ್ಮ ಮನೆ ನಂಬರ್ರು ಬರಲಿಲ್ಲ, ಅದು ಎರಡೇ ಅಂಕಿ. ಬಸ್ಸಿನ ನಂಬರ್ ಹಾಕಿದೆ, ಬಂತು. ರೇಷನ್ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹಾಕಿದೆ, ಬಂತು. ರಾತ್ರಿ ಊಟಕ್ಕೆ ಕರೆಯುವ ಹೊತ್ತಿಗೆ ಎಣಿಸಿ ನೋಡಿದರೆ ನಲವತ್ತಕ್ಕೂ ಹೆಚ್ಚು ಕಳೆಯುವ ಲೆಕ್ಕ ಮಾಡಿಬಿಟ್ಟಿದ್ದೆ! ಮನೆಗೆಲಸ ಅಂತ ಹತ್ತು ಲೆಕ್ಕ ಕೊಟ್ಟರೆ ಐದು ಮಾಡಿ ಉಳಿದದ್ದನ್ನು ಪಕ್ಕದವನ ಪುಸ್ತಕ ನೋಡಿ ಬರೆಯುವ ನಾನು!

ಯಾಕೆ ಹೀಗಾಯಿತು ಅಂತ ಆಮೇಲೆ ಯೋಚನೆ ಮಾಡಿದೆ. ಮನೆಗೆಲಸದ ಲೆಕ್ಕದಲ್ಲಿ ಉತ್ತರ ಆಗಲೇ ಪುಸ್ತಕದ ಹಿಂದೆ ಇರುತ್ತದೆ. ನಾನು ಮಾಡಿದರೂ ಅದೇ, ಬಿಟ್ಟರೂ ಅದೇ. ಇದರಲ್ಲಿ ಹಾಗಲ್ಲ. ಕೊನೆಗೆ 6174 ಬರುತ್ತೆ ಅಂತ ಗೊತ್ತಿದ್ದರೂ ನಾನು ಹಿಡಿದ ಸಂಖ್ಯೆ ಯಾವ ದಾರಿಯಲ್ಲಿ ಬರುತ್ತೆ, ಎಷ್ಟು ಹೆಜ್ಜೆಗೆ ಬರುತ್ತೆ ಅಂತ ನಾನೇ ನಡೆದು ನೋಡಬೇಕು. ಕಳೆಯೋದು ಅದೇ ಕಳೆಯೋದು. ಕಷ್ಟ ಕಡಿಮೆಯೇನೂ ಆಗಿರಲಿಲ್ಲ. ನೋಡಬೇಕು ಅನ್ನೋ ಆಸೆ ಮಾತ್ರ ಹೆಚ್ಚಾಗಿತ್ತು.

ಇಲ್ಲಿ ನಮ್ಮ ಅಕ್ಕನ ವಿಷಯ ಹೇಳಲೇಬೇಕು. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅಕ್ಕ ಹತ್ತನೇ ತರಗತಿಯಲ್ಲಿ ಎಲ್ಲಾ ವಿಷಯ ಪಾಸಾಗಿ ಗಣಿತ ಒಂದರಲ್ಲಿ ಫೇಲಾದಳು. ಪೂರಕ ಪರೀಕ್ಷೆ ಕಟ್ಟು ಅಂದರೆ ಬೇಡ ಅಂದಳು. ಇನ್ನೊಂದು ಸಲ ಫೇಲಾದರೆ ಊರವರ ಮುಂದೆ ಮುಖ ತೋರಿಸೋದು ಹೇಗೆ ಅಂತ ಭಯ. ಆಗಿನಿಂದ ಮನೆಯಲ್ಲೇ ಇದ್ದಾಳೆ. ಬೀಡಿ ಕಟ್ಟುತ್ತಾಳೆ. ಲೆಕ್ಕದ ಪುಸ್ತಕವನ್ನು ಅಟ್ಟದ ಮೇಲೆ ಇಟ್ಟುಬಿಟ್ಟಿದ್ದಳು.

ಅವತ್ತು ನಾನು ಹಾಳೆ ತುಂಬಾ ಬರೆಯೋದನ್ನು ನೋಡಿ ಏನೋ ಅದು ಅಂತ ಕೇಳಿದಳು. ಹೇಳಿಕೊಟ್ಟೆ. ಕನ್ನಡ ನಾಡು ಒಂದಾದ ವರ್ಷ 1956ನ್ನು ಮಾಡು ಅಂತ ಸ್ಲೇಟು ಕೊಟ್ಟೆ. ನಾನು ಅದನ್ನು ಮೊದಲೇ ಮಾಡಿದ್ದೆ. ಮೂರೇ ಹೆಜ್ಜೆಗೆ ಬರುತ್ತದೆ.

9651 − 1569 = 8082
8820 − 0288 = 8532
8532 − 2358 = 6174

ಅಕ್ಕ ಮಾಡುತ್ತಾ ಹೋದಳು, ಮಾಡುತ್ತಾ ಹೋದಳು. ಅವಳಿಗೆ ಎಂಟು ಹೆಜ್ಜೆ ಆಯಿತು! ಆದರೆ ಕೊನೆಗೆ 6174ಕ್ಕೇ ಬಂದು ನಿಂತಳು. ಏಳಕ್ಕಿಂತ ಹೆಚ್ಚು ಆಗೋ ಹಾಗಿಲ್ಲ, ಎಲ್ಲೋ ತಪ್ಪಿದೀಯ ಅಂದೆ. ಹಿಂದೆ ಆಗಿದ್ದರೆ ಅವಳು ಸ್ಲೇಟು ಎಸೆದು ಎದ್ದು ಹೋಗುತ್ತಿದ್ದಳು. ಅವತ್ತು ಹೋಗಲಿಲ್ಲ. ಎಲ್ಲಿ ತಪ್ಪಿದೆ ಅಂತ ತಾನೇ ಹುಡುಕೋಕೆ ಕೂತಳು.

ತಪ್ಪು ಹುಡುಕೋಕೆ ಒಂದು ಸುಲಭದ ದಾರಿ ಇದೆ. ಈ ಆಟದಲ್ಲಿ ಪ್ರತಿ ಹೆಜ್ಜೆಯ ಉತ್ತರವೂ 9ರಿಂದ ಭಾಗವಾಗಬೇಕು. ಅಂದರೆ ಉತ್ತರದ ಅಂಕಿಗಳನ್ನು ಕೂಡಿದರೆ 9, 18, 27 ಹೀಗೆ ಬರಬೇಕು. ಅಕ್ಕ ಮೊದಲನೇ ಹೆಜ್ಜೆಯಲ್ಲಿ 8082 ಬರೆಯೋ ಬದಲು 8092 ಬರೆದಿದ್ದಳು. 8, 0, 9, 2 ಕೂಡಿದರೆ 19. ಅಲ್ಲೇ ಸಿಕ್ಕಿಬಿತ್ತು! ಬಿಡಿ ಸ್ಥಾನಕ್ಕೆ ಸಾಲ ಕೊಟ್ಟ ಮೇಲೆ ಹತ್ತರ ಸ್ಥಾನದಲ್ಲಿ 5 ಇದ್ದದ್ದು 4 ಆಗಬೇಕು. ಅದನ್ನು ಮರೆತು 15ರಲ್ಲಿ 6 ಕಳೆದು 9 ಬರೆದಿದ್ದಳು. ಈ ಸಾಲದ ತಪ್ಪನ್ನು ಅವಳು ಐದನೇ ತರಗತಿಯಿಂದಲೂ ಮಾಡಿಕೊಂಡು ಬಂದಿದ್ದಳಂತೆ. ಪ್ರತಿ ಸಲವೂ ಕೆಂಪು ಮಸಿಯಲ್ಲಿ ತಪ್ಪು ಗುರುತು ಬೀಳುತ್ತಿತ್ತು, ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ. ಅವತ್ತು ತಾನೇ ಹಿಡಿದಳು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ದಾರಿ ತಪ್ಪಿದರೂ 6174 ಅವಳನ್ನು ಕೈಬಿಡಲಿಲ್ಲ. ಸ್ವಲ್ಪ ಸುತ್ತಾಡಿಸಿ ಕರೆದುಕೊಂಡಿತು.

ಇದೆಲ್ಲಾ ಮಾಟ ಮಂತ್ರ ಅಂತ ಯಾರಾದರೂ ತಿಳಿದುಕೊಂಡರೆ ಅದು ತಪ್ಪು. ಇದಕ್ಕೆ ಕಾರಣ ಇದೆ. ನಮ್ಮ ಮೇಷ್ಟ್ರು ಕರಿಹಲಗೆಯ ಮೇಲೆ ತೋರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ.

1947ರ ಅಂಕಿಗಳು 9, 7, 4, 1. ಎಲ್ಲಕ್ಕಿಂತ ದೊಡ್ಡದು 9, ಚಿಕ್ಕದು 1, ವ್ಯತ್ಯಾಸ 8. ನಡುವಿನ ಎರಡು 7 ಮತ್ತು 4, ವ್ಯತ್ಯಾಸ 3. ಈಗ 999ನ್ನು 8ರಿಂದ ಗುಣಿಸಿ, 7992. 90ನ್ನು 3ರಿಂದ ಗುಣಿಸಿ, 270. ಎರಡನ್ನೂ ಕೂಡಿ, 8262. ನಾವು ಕಳೆದು ತಂದ ಉತ್ತರವೇ ಅಲ್ಲವೇ! ಅಂದರೆ ಸಂಖ್ಯೆ ಯಾವುದೇ ಇರಲಿ, ಮೊದಲ ಉತ್ತರ ನಿಂತಿರೋದು ಈ ಎರಡು ವ್ಯತ್ಯಾಸಗಳ ಮೇಲೆ ಮಾತ್ರ. 999 ಮತ್ತು 90 ಎರಡೂ 9ರಿಂದ ಭಾಗವಾಗುವುದರಿಂದ ಉತ್ತರವೂ ಭಾಗವಾಗುತ್ತದೆ.

ಹೊರಗಿನ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು. ಒಳಗಿನ ವ್ಯತ್ಯಾಸ 0 ಇರಬಹುದು, ಆದರೆ ಹೊರಗಿನದಕ್ಕಿಂತ ಹೆಚ್ಚಾಗಲಾರದು. ಹೊರಗಿನದು 1 ಆದರೆ ಒಳಗಿನದಕ್ಕೆ 2 ದಾರಿ, ಹೊರಗಿನದು 2 ಆದರೆ 3 ದಾರಿ, ಹೀಗೆ 9 ಆದರೆ 10 ದಾರಿ. ಎಲ್ಲಾ ಕೂಡಿದರೆ 54. ನಾಲ್ಕು ಅಂಕಿಯ ಸಂಖ್ಯೆಗಳು ಎಷ್ಟು ಸಾವಿರ ಇದ್ದರೂ ಒಂದು ಹೆಜ್ಜೆ ಇಟ್ಟ ಕೂಡಲೇ ಈ 54ರಲ್ಲಿ ಯಾವುದಾದರೂ ಒಂದು ಆಗಿಬಿಡುತ್ತವೆ. ಆ 54ನ್ನೂ ಮಾಡಿ ನೋಡಿದರೆ ಎಲ್ಲವೂ 6174ಕ್ಕೇ ಬರುತ್ತವೆ. ಆಗ ಸಾಬೀತಾದ ಹಾಗೇ.

ಕಾಪ್ರೇಕರ್ ಮೇಷ್ಟ್ರ ಆಟಗಳು ಇಷ್ಟಕ್ಕೇ ಮುಗಿಯಲಿಲ್ಲ. ಇನ್ನು ಮೂರನ್ನು ಮಾತ್ರ ಹೇಳುತ್ತೇನೆ.

ಒಂದು. 45ನ್ನು 45ರಿಂದ ಗುಣಿಸಿ, 2025 ಬರುತ್ತದೆ. ಅದನ್ನು ನಡುವೆ ಮುರಿದು ಕೂಡಿ. 20 + 25 = 45. ಮತ್ತೆ ಅದೇ 45! ಹಾಗೇ 55ರ ವರ್ಗ 3025. 30 + 25 = 55. 297ರ ವರ್ಗ 88209. 88 + 209 = 297. ಇವುಗಳಿಗೆ ಕಾಪ್ರೇಕರ್ ಸಂಖ್ಯೆಗಳು ಎಂದು ಹೆಸರು.

ಎರಡು. ಒಂದು ಸಂಖ್ಯೆಯನ್ನು ಅದರ ಅಂಕಿಗಳ ಮೊತ್ತದಿಂದ ಭಾಗಿಸಿದರೆ ಶೇಷ ಉಳಿಯಬಾರದು. 18ರಲ್ಲಿ 1 + 8 = 9, 18ನ್ನು 9 ಭಾಗಿಸುತ್ತದೆ. ಇಂಥವುಗಳಿಗೆ ಮೇಷ್ಟ್ರು ಹರ್ಷದ ಸಂಖ್ಯೆ ಅಂತ ಹೆಸರಿಟ್ಟರು. ಹರ್ಷದ ಅಂದರೆ ಹರ್ಷವನ್ನು ಕೊಡುವಂಥದ್ದು. ನಮಗೆ ಭಾಗಾಕಾರ ಅಂದರೆ ದುಃಖ, ಅವರಿಗೆ ಹರ್ಷ! 6174ರ ಅಂಕಿಗಳನ್ನು ಕೂಡಿದರೆ 18. 6174ನ್ನು 18ರಿಂದ ಭಾಗಿಸಿದರೆ ಸರಿಯಾಗಿ 343. ಅಂದರೆ ಅದೂ ಹರ್ಷದ ಸಂಖ್ಯೆಯೇ.

ಮೂರು. ಒಂದು ಸಂಖ್ಯೆಗೆ ಅದರ ಅಂಕಿಗಳನ್ನೇ ಕೂಡಿದರೆ ಹೊಸ ಸಂಖ್ಯೆ ಹುಟ್ಟುತ್ತದೆ. 15 + 1 + 5 = 21. ಆದ್ದರಿಂದ 21ಕ್ಕೆ 15 ತಾಯಿ ಇದ್ದ ಹಾಗೆ. ಆದರೆ 20ಕ್ಕೆ ತಾಯಿ ಯಾರು? ಎಷ್ಟು ಹುಡುಕಿದರೂ ಸಿಗುವುದಿಲ್ಲ. 31, 42, 53 ಕೂಡ ಹಾಗೇ. ಯಾರಿಂದಲೂ ಹುಟ್ಟದ, ತಾನೇ ತಾನಾಗಿ ಇರುವ ಸಂಖ್ಯೆಗಳು. ಇವನ್ನು ದೇವಳಾಲಿ ಸಂಖ್ಯೆಗಳು ಅಂತಲೂ ಕರೆಯುತ್ತಾರೆ. ತಾವು ಪಾಠ ಮಾಡಿದ ಊರಿನ ಹೆಸರು ಗಣಿತದಲ್ಲಿ ಉಳಿದುಬಿಟ್ಟಿತು. ನಮ್ಮ ಊರಿನ ಹೆಸರಿನಲ್ಲೂ ಒಂದು ಸಂಖ್ಯೆ ಇದ್ದರೆ ಹೇಗಿರುತ್ತದೆ ಅಂತ ನನಗೆ ಆಸೆಯಾಯಿತು.

ಇಷ್ಟೆಲ್ಲಾ ಮಾಡಿದರೂ ಮೇಷ್ಟ್ರಿಗೆ ಸುಲಭವಾಗಿ ಮರ್ಯಾದೆ ಸಿಗಲಿಲ್ಲ. ಆಗಿನ ಕೆಲವು ದೊಡ್ಡ ಗಣಿತಜ್ಞರು ಅವರನ್ನು ಕಂಡು ನಗುತ್ತಿದ್ದರು. ಇದೆಲ್ಲಾ ಮಕ್ಕಳಾಟ, ಇದರಿಂದ ಏನು ಉಪಯೋಗ ಅನ್ನುವ ಭಾವನೆ ಅವರದು. ದೊಡ್ಡ ಪತ್ರಿಕೆಗಳಲ್ಲಿ ಅವರ ಬರಹಕ್ಕೆ ಜಾಗ ಸಿಗುವುದು ಕಷ್ಟವಾಗಿತ್ತು. ಬಹಳಷ್ಟನ್ನು ಅವರು ಸಣ್ಣ ಪತ್ರಿಕೆಗಳಲ್ಲಿ ಬರೆದರು, ಇಲ್ಲವಾದರೆ ತಾವೇ ಚಿಕ್ಕ ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿದರು. ಮೇಷ್ಟ್ರ ಸಂಬಳದಲ್ಲಿ ಅಚ್ಚು ಹಾಕಿಸೋದು ಅಂದರೆ ಸಣ್ಣ ಮಾತಲ್ಲ. ಆದರೂ ಸಮ್ಮೇಳನಗಳಿಗೆ ಹೋಗುವುದನ್ನು ಬಿಡಲಿಲ್ಲ. ಸುತ್ತಮುತ್ತಲಿನ ಕಾಲೇಜುಗಳು ಕರೆದರೆ ಹೋಗಿ ತಮ್ಮ ಲೆಕ್ಕಗಳ ಬಗ್ಗೆ ಭಾಷಣ ಮಾಡುತ್ತಿದ್ದರು. ಅವರಿಗೆ ಗಣಿತಾನಂದ ಅಂತಲೇ ಹೆಸರು ಬಿದ್ದಿತ್ತು.

1962ರಲ್ಲಿ ನಿವೃತ್ತರಾದರು. 1966ರಲ್ಲಿ ಹೆಂಡತಿ ತೀರಿಕೊಂಡರು. ಬರುವ ಪಿಂಚಣಿ ಬದುಕಿಗೆ ಸಾಲುತ್ತಿರಲಿಲ್ಲ. ಎಷ್ಟು ಕಡಿಮೆ ಖರ್ಚಿನಲ್ಲಿ ಬದುಕಿದರೂ ಸಾಲದೆ, ವಯಸ್ಸಾದ ಕಾಲದಲ್ಲಿ ಮತ್ತೆ ಗಣಿತ ಮತ್ತು ವಿಜ್ಞಾನದ ಟ್ಯೂಷನ್ ಹೇಳಬೇಕಾಯಿತು. ಇದನ್ನು ಓದಿದಾಗ ನನಗೆ ಬೇಜಾರಾಯಿತು. ಲೆಕ್ಕದಲ್ಲಿ ಅಷ್ಟು ಆನಂದಪಟ್ಟವರಿಗೆ ಮನೆಯ ಲೆಕ್ಕ ಕೂಡಿಬರಲಿಲ್ಲ. ಆದರೂ ಅವರು ಅಂಕಿಗಳ ಸಹವಾಸ ಬಿಡಲಿಲ್ಲ.

ಕೊನೆಗೂ ಹೊರಗಿನ ಪ್ರಪಂಚಕ್ಕೆ ಅವರ ಸುದ್ದಿ ಮುಟ್ಟಿತು. ಅಮೆರಿಕದಲ್ಲಿ ಮಾರ್ಟಿನ್ ಗಾರ್ಡ್ನರ್ ಅಂತ ಒಬ್ಬ ಲೇಖಕರಿದ್ದರು. ಗಣಿತದ ಆಟಗಳ ಬಗ್ಗೆ ಸೈಂಟಿಫಿಕ್ ಅಮೆರಿಕನ್ ಎಂಬ ಪತ್ರಿಕೆಯಲ್ಲಿ ತಿಂಗಳು ತಿಂಗಳು ಬರೆಯುತ್ತಿದ್ದರು. 1975ರ ಮಾರ್ಚ್ ತಿಂಗಳಲ್ಲಿ ಅವರು ಕಾಪ್ರೇಕರ್ ಮೇಷ್ಟ್ರ ಬಗ್ಗೆ ಬರೆದರು. ಆಗ ಮೇಷ್ಟ್ರಿಗೆ 70 ವರ್ಷ. ಅಲ್ಲಿಂದ ಮುಂದೆ ಬೇರೆ ಬೇರೆ ದೇಶದವರು 6174ರ ಹಿಂದೆ ಬಿದ್ದರು. ಮಕ್ಕಳಾಟ ಅಂತ ನಕ್ಕಿದ್ದನ್ನು ದೊಡ್ಡ ದೊಡ್ಡವರೇ ಕೂತು ಆಡಿದರು.

1986ರಲ್ಲಿ ಮೇಷ್ಟ್ರು ತೀರಿಕೊಂಡರು. ಅವರು ಹುಟ್ಟಿದ ವರ್ಷಕ್ಕೆ 6174 ಮುಟ್ಟೋಕೆ ಏಳು ಹೆಜ್ಜೆ ಬೇಕು ಅಂತ ಆಗಲೇ ನೋಡಿದಿರಿ. ತೀರಿಕೊಂಡ ವರ್ಷಕ್ಕೆ ಎಷ್ಟು ಹೆಜ್ಜೆ ಅಂತ ನಾನು ಹೇಳುವುದಿಲ್ಲ. ನೀವೇ ಮಾಡಿ.

ಸಹಪಾಠಿಗಳೇ, ಈ ಕಥೆಯಿಂದ ನಾನು ತಿಳಿದುಕೊಂಡದ್ದು ಏನು ಅಂತ ಹೇಳಿ ಮುಗಿಸುತ್ತೇನೆ. ಕಾಪ್ರೇಕರ್ ಮೇಷ್ಟ್ರ ಕಥೆ ಓದಿದ ಕೂಡಲೇ ನನಗೆ ಗಣಿತ ಬಂದುಬಿಟ್ಟಿತು ಅಂತ ಸುಳ್ಳು ಹೇಳುವುದಿಲ್ಲ. ಬೀಜಗಣಿತ ಇನ್ನೂ ಕಷ್ಟವಾಗಿಯೇ ಇದೆ. ಕಿರುಪರೀಕ್ಷೆಯಲ್ಲಿ ಈ ಸಲವೂ ನನಗೆ ಒಳ್ಳೆಯ ಅಂಕ ಬಂದಿಲ್ಲ. ಆದರೆ ನನಗೆ ಲೆಕ್ಕ ಅಂದರೆ ಆಗಲ್ಲ, ನನ್ನ ತಲೆಗೆ ಹತ್ತಲ್ಲ ಅಂತ ಹೇಳುತ್ತಿದ್ದೆನಲ್ಲ, ಆ ಮಾತು ಸುಳ್ಳು ಅಂತ ಗೊತ್ತಾಯಿತು. ಆಗದವನು ಒಂದೇ ಸಂಜೆ ನಲವತ್ತು ಲೆಕ್ಕ ಮಾಡೋಕೆ ಆಗುತ್ತಾ? ನನಗೆ ಬೇಡವಾಗಿದ್ದದ್ದು ಲೆಕ್ಕ ಅಲ್ಲ. ಯಾಕೆ ಅಂತ ಗೊತ್ತಿಲ್ಲದೆ ಮಾಡೋದು, ತಪ್ಪಾದರೆ ಎಲ್ಲರ ಮುಂದೆ ತಲೆ ತಗ್ಗಿಸೋದು, ಇವೆರಡು ನನಗೆ ಬೇಡವಾಗಿದ್ದವು.

ಪೂಜ್ಯ ಗುರುಗಳಲ್ಲಿ ನನ್ನದೊಂದು ಸಣ್ಣ ಬೇಡಿಕೆ. ತಪ್ಪಾಗಿದ್ದರೆ ಕ್ಷಮಿಸಿ. ವಾರಕ್ಕೆ ಒಂದು ಪಿರಿಯಡ್ಡಿನಲ್ಲಿ ಕೊನೆಯ ಹತ್ತು ನಿಮಿಷ ಇಂಥ ಒಂದು ಲೆಕ್ಕ ಕೊಡಿ. ಅದಕ್ಕೆ ಅಂಕ ಹಾಕಬೇಡಿ. ತಪ್ಪಿದರೆ ಎಲ್ಲಿ ತಪ್ಪಿದೆ ಅಂತ ನಾವೇ ಹುಡುಕೋಕೆ ಬಿಡಿ. ನೀರು ಕುಡಿಯೋಕೆ ಹೋಗುವವರು ಕಡಿಮೆ ಆಗುತ್ತಾರೆ. ನಾನಂತೂ ಹೋಗಲ್ಲ.

ಈ ಬರಹದ ಕೆಳಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದೇನೆ. ಅದರಲ್ಲಿ 54 ಮನೆಗಳನ್ನು ಗೆರೆ ಹಾಕಿದ್ದೇನೆ. ಮೇಲೆ ಹೇಳಿದ 54 ಸಂಖ್ಯೆಗಳಲ್ಲಿ ಒಂದೊಂದು ಮನೆಗೆ ಒಂದೊಂದು ಬರೆದಿದ್ದೇನೆ. ಪಕ್ಕದಲ್ಲಿ ದಾರದಲ್ಲಿ ಪೆನ್ಸಿಲ್ ಕಟ್ಟಿದೆ. ಆರನೇ ತರಗತಿಯವರಿಂದ ಹಿಡಿದು ಯಾರು ಬೇಕಾದರೂ ಒಂದು ಮನೆ ಆರಿಸಿಕೊಂಡು 6174 ಬರುವವರೆಗೂ ಕಳೆದು, ಕೆಳಗೆ ಹೆಸರು ಬರೆಯಿರಿ. ಮನೆಗಳೆಲ್ಲಾ ತುಂಬಿದ ದಿನ ಕಾಪ್ರೇಕರ್ ಮೇಷ್ಟ್ರು ಕಂಡುಕೊಂಡದ್ದು ನಿಜ ಅಂತ ನಮ್ಮ ಶಾಲೆಯೇ ಸಾಬೀತು ಮಾಡಿದ ಹಾಗೆ ಆಗುತ್ತದೆ. ಬೇರೆಯವರು ಹೇಳಿದ್ದನ್ನು ನಂಬಬೇಕಾಗಿಲ್ಲ.

8082ರ ಮನೆ ಮಾತ್ರ ಆಗಲೇ ತುಂಬಿದೆ. ಅದು ನಮ್ಮ ಅಕ್ಕನ ಕೈಬರಹ. ಪಕ್ಕದಲ್ಲಿ ಗೆರೆ ಹೊಡೆದ 8092 ಕೂಡ ಇದೆ. ಅಳಿಸಿಬಿಡಲಾ ಅಂತ ಕೇಳಿದೆ. ಬೇಡ, ಇರಲಿ ಅಂದಳು. ಹೋದ ಭಾನುವಾರ ಅಟ್ಟದ ಮೇಲಿನ ಲೆಕ್ಕದ ಪುಸ್ತಕವನ್ನು ಅವಳೇ ಇಳಿಸಿ, ಧೂಳು ಕೊಡವಿ ಇಟ್ಟುಕೊಂಡಿದ್ದಾಳೆ.